ಪರೇಲಿನಲ್ಲಿ ಮಾರಾಟಕ್ಕೆ ನಿಂತ ಶೆವ್ರೊಲೆ

ಪರೇಲಿನಿಂದ ಪೂರ್ವಕ್ಕೆ ಹೊರಟರೆ ಶಿವ್ಡಿ ಹೆಚ್ಚು ದೂರವಿಲ್ಲ. ಟ್ರಾಫಿಕ್ ಕೈಕೊಡದಿದ್ದರೆ ಹತ್ತು ನಿಮಿಷದ ಟ್ಯಾಕ್ಸಿ. ಶಿವ್ಡಿ ಅಂದಕೂಡಲೆ ಇವತ್ತಿನ ಮುಂಬಯಿಯವರಿಗೆ ನೆನಪಾಗುವುದು ಎರಡೇ ಸಂಗತಿ. ಒಂದು, ಚಳಿಗಾಲದಲ್ಲಿ ಕೆಸರಿನ ದಂಡೆಗೆ ಬಂದಿಳಿಯುವ ಫ್ಲೆಮಿಂಗೊಗಳ ಹಿಂಡು. ಇನ್ನೊಂದು, 2024ರ ಜನವರಿಯಲ್ಲಿ ಶುರುವಾದ ಅಟಲ್ ಸೇತು. ಆದರೆ ಇದೇ ಶಿವ್ಡಿಯಲ್ಲಿ ಒಂದು ಕಾಲಕ್ಕೆ ಅಮೆರಿಕದ ಕಾರುಗಳು ತಯಾರಾಗುತ್ತಿದ್ದವು ಅಂದರೆ ನನ್ನ ಆಫೀಸಿನ ಹುಡುಗರು ನಂಬುವುದಿಲ್ಲ.

ಜನರಲ್ ಮೋಟಾರ್ಸ್ ಕಂಪನಿ ಶಿವ್ಡಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ಹಾಕಿದ್ದು 1928ರಲ್ಲಿ. ಆ ವರ್ಷ ಡಿಸೆಂಬರ್ 4ರಂದು ಮೊದಲ ಶೆವ್ರೊಲೆ ಹೊರಗೆ ಬಂತು. ನಾಲ್ಕು ಸಿಲಿಂಡರಿನ ಎಂಜಿನ್, ಬಟ್ಟೆಯ ಟಾಪು, ಕಿಟಕಿಗೆ ಗಾಜಿಲ್ಲದ ಟೂರರ್ ಗಾಡಿ ಅದು. ಬಿಡಿಭಾಗಗಳು ಹಡಗಿನಲ್ಲಿ ಮರದ ಪೆಟ್ಟಿಗೆಗಳಲ್ಲಿ ಬಂದರಿಗೆ ಬರುತ್ತಿದ್ದವು. ಇಲ್ಲಿನ ಕೆಲಸಗಾರರು ಅವನ್ನು ಬಿಚ್ಚಿ, ಜೋಡಿಸಿ, ಬಣ್ಣ ಹೊಡೆದು, ಟಾಪು ಸೀಟು ಹೊಲಿದು ರಸ್ತೆಗೆ ಬಿಡುತ್ತಿದ್ದರು. ಸ್ಟೇರಿಂಗು ಬಲಗಡೆ ಇರಬೇಕಾದ ಬ್ರಿಟಿಷ್ ಸಾಮ್ರಾಜ್ಯದ ದೇಶಗಳಿಗೆ ಈ ಪೆಟ್ಟಿಗೆಗಳು ಬಹುಮಟ್ಟಿಗೆ ಕೆನಡಾದ ಓಶಾವಾ ಕಾರ್ಖಾನೆಯಿಂದ ಬರುತ್ತಿದ್ದವು. ಹಾಗಾಗಿ ನಾವು 'ಅಮೆರಿಕನ್ ಕಾರು' ಎನ್ನುವ ಎಷ್ಟೋ ಗಾಡಿಗಳು ಹುಟ್ಟಿದ್ದು ಕೆನಡಾದಲ್ಲಿ, ಮೈಗೂಡಿದ್ದು ಶಿವ್ಡಿಯಲ್ಲಿ. ಪರೇಲ್, ಲಾಲ್‌ಬಾಗ್, ಶಿವ್ಡಿಯ ಸುತ್ತಮುತ್ತ ಆಗ ಬಟ್ಟೆ ಗಿರಣಿಗಳ ಭೋಂಗಾ ಕೂಗಿದರೆ ಇಡೀ ಊರು ಎದ್ದು ಕೂರುತ್ತಿತ್ತು. ಅದೇ ಚಾಳುಗಳ ಕಾರ್ಮಿಕರ ಊರಿನ ಅಂಚಿನಲ್ಲಿ ಶೆವ್ರೊಲೆ, ಬ್ಯೂಯಿಕ್‌ಗಳು ಸಾಲಾಗಿ ನಿಂತಿದ್ದವು ಅನ್ನುವುದನ್ನು ಈಗ ಕಲ್ಪಿಸಿಕೊಳ್ಳುವುದು ಕಷ್ಟ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ವಾಟ್ಸಾಪಿನಲ್ಲಿ ಬಂದ ಒಂದು ಜಾಹೀರಾತು. ಬೆಂಗಳೂರಿನಲ್ಲಿರುವ ನನ್ನ ದಾವಣಗೆರೆಯ ಗೆಳೆಯನೊಬ್ಬ ಕಳಿಸಿದ್ದು. ಇಂಜಿನಿಯರಿಂಗಿನಲ್ಲಿ ನನ್ನ ಜೊತೆ ಓದಿದವನು. ಒಂದು ಕಂಪನಿಯಲ್ಲಿ ಬಂದ ಶೇರುಗಳನ್ನು ಮಾರಿ ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡಿದ್ದಾನೆ, ಹಳೆಯ ಕಾರಿನ ಹುಚ್ಚು ಹತ್ತಿಸಿಕೊಂಡಿದ್ದಾನೆ. ಜಾಹೀರಾತಿನಲ್ಲಿ ಇದ್ದಿದ್ದು ಇಷ್ಟು: 1948ರ ಶೆವ್ರೊಲೆ ಫ್ಲೀಟ್‌ಮಾಸ್ಟರ್ ಕನ್ವರ್ಟಿಬಲ್, ಅಪರೂಪದ ಗಾಡಿ, ಸಂಪೂರ್ಣ ರಿಸ್ಟೋರ್ ಆಗಿದೆ, ಎಲ್ಲವೂ ಒರಿಜಿನಲ್, ನೋಡಬೇಕಿದ್ದರೆ ಪರೇಲಿಗೆ ಬನ್ನಿ. ಕೆಳಗೆ ಆರು ಫೋಟೊ. ಕಡು ಕೆಂಪು ಬಣ್ಣ, ಕೆನೆಬಣ್ಣದ ಟಾಪು, ಬಿಳಿ ಪಟ್ಟಿಯ ಟೈರು. "ನಿನ್ನ ಆಫೀಸು ಅಲ್ಲೇ ಅಲ್ವೇನೋ, ಸ್ವಲ್ಪ ನೋಡ್ಕೊಂಡ್ ಬಾರೋ" ಅಂತ ಒಂದು ಸಾಲು.

ಫ್ಲೀಟ್‌ಮಾಸ್ಟರ್ ಅಂದರೆ ಯುದ್ಧ ಮುಗಿದ ಕೂಡಲೆ, 1946ರಿಂದ 1948ರವರೆಗೆ ಶೆವ್ರೊಲೆಯವರು ಮಾಡಿದ ಮೇಲ್ದರ್ಜೆಯ ಮಾಡೆಲ್. ಅದರ ಕನ್ವರ್ಟಿಬಲ್ 1948ರ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಪೇಸ್ ಕಾರಾಗಿ ಮುಂದೆ ಓಡಿತ್ತು. ಆ ವರ್ಷ ಅಮೆರಿಕದಲ್ಲಿ ಇಪ್ಪತ್ತು ಸಾವಿರದಷ್ಟು ಕನ್ವರ್ಟಿಬಲ್ ತಯಾರಾದವು. ಅಲ್ಲಿನ ಲೆಕ್ಕದಲ್ಲಿ ಅದು ಅಪರೂಪವೇನಲ್ಲ. ಅಪರೂಪವಾಗುವುದು ಬಲಗಡೆ ಸ್ಟೇರಿಂಗು ಇದ್ದು, ಎಪ್ಪತ್ತೈದಕ್ಕೂ ಹೆಚ್ಚು ಮಳೆಗಾಲ ಕಂಡು, ಮುಂಬಯಿಯ ಉಪ್ಪುಗಾಳಿಯಲ್ಲಿ ಉಳಿದುಕೊಂಡಾಗ.

ಇಲ್ಲಿ ಒಂದು ಮಾತು. ಬಟ್ಟೆಯ ಟಾಪು ಇದ್ದ ಮಾತ್ರಕ್ಕೆ ಕನ್ವರ್ಟಿಬಲ್ ಆಗುವುದಿಲ್ಲ. ಹಳೆಯ ಟೂರರ್‌ಗೆ ಬಾಗಿಲಲ್ಲಿ ಗಾಜಿಲ್ಲ. ಮಳೆ ಬಂದರೆ ಪರದೆ ಸಿಕ್ಕಿಸಬೇಕು. ಕನ್ವರ್ಟಿಬಲ್‌ಗೆ ಹ್ಯಾಂಡಲ್ ತಿರುಗಿಸಿ ಏರಿಸುವ ಗಾಜು ಇರುತ್ತದೆ. ಟಾಪು ಹಾಕಿಕೊಂಡರೆ ಮಾಮೂಲು ಕಾರು, ಮಡಚಿದರೆ ಬಯಲು. ಟಾಪನ್ನು ತಾನಾಗಿ ಏರಿಸಿ ಇಳಿಸುವ ವ್ಯವಸ್ಥೆಯನ್ನು ಮೊದಲು ಕೊಟ್ಟಿದ್ದು 1939ರ ಪ್ಲಿಮತ್. ಎಂಜಿನ್ ಎಳೆದುಕೊಳ್ಳುವ ಗಾಳಿಯ ನಿರ್ವಾತದಿಂದಲೇ ಅದು ನಡೆಯುತ್ತಿತ್ತು. ಮರುವರ್ಷ ಶೆವ್ರೊಲೆಗೂ ಅದು ಬಂತು.

ಕಾರಿನ ವಿಷಯದಲ್ಲಿ ನನ್ನ ತಿಳಿವಳಿಕೆ ಓದಿನದು, ಕೈಯದಲ್ಲ. ಹಾಗಾಗಿ ನಮ್ಮ ಕಟ್ಟಡದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ. ಕುಂದಾಪುರದ ಕಡೆಯವರು. ಹದಿಹರೆಯದಲ್ಲಿ ಹೋಟೆಲಿಗೆಂದು ಮುಂಬಯಿಗೆ ಬಂದು, ರಾತ್ರಿ ಶಾಲೆಯಲ್ಲಿ ಓದಿ, ಐಟಿಐ ಮಾಡಿ, ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಾವೆಲ್ಲ ಅವರನ್ನು ಮೇಸ್ತ್ರಿ ಅಣ್ಣ ಎನ್ನುತ್ತೇವೆ. ಅವರು ಸೇರುವ ಹೊತ್ತಿಗೆ ಅಲ್ಲಿ ಫಿಯೆಟ್ ಬಿಟ್ಟು ಬೇರೆ ಕಾರು ಇರಲಿಲ್ಲ. ಆದರೆ ಅವರಿಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರುಗಳು ಡಾಜ್, ಪ್ಲಿಮತ್ ಜೋಡಿಸಿದ ಕೈಯವರು.

ಗ್ಯಾರೇಜು ಇದ್ದಿದ್ದು ಹಳೆಯ ಚಾಳೊಂದರ ಹಿಂದಿನ ತಗಡಿನ ಶೆಡ್ಡಿನಲ್ಲಿ. ಮೇಲೆ ನೋಡಿದರೆ ಗಿರಣಿಯ ಜಾಗದಲ್ಲಿ ಎದ್ದ ನಲವತ್ತು ಮಹಡಿಯ ಗಾಜಿನ ಗೋಪುರ. ಮಾರುವವರು ಸೌಮ್ಯ ಮನುಷ್ಯ, ಚಹಾ ತರಿಸಿದರು. ಟಾರ್ಪಾಲು ಸರಿಸಿದಾಗ ಕಾರು ನಿಜಕ್ಕೂ ಕಣ್ಣು ಕುಕ್ಕುವ ಹಾಗಿತ್ತು. ಕ್ರೋಮಿನ ಗ್ರಿಲ್ಲಿನಲ್ಲಿ ನಮ್ಮ ಮೂವರ ಮುಖವೂ ಕಾಣುತ್ತಿತ್ತು. ನಾನು ಫೋಟೊ ತೆಗೆಯತೊಡಗಿದೆ. ಮೇಸ್ತ್ರಿ ಅಣ್ಣ ಕಾರಿನ ಮುಖವನ್ನೇ ನೋಡಲಿಲ್ಲ. ಒಂದು ಗೋಣಿ ಕೇಳಿ ಪಡೆದು ನೆಲಕ್ಕೆ ಹಾಸಿದರು.

"ಬಣ್ಣ ಯಾರು ಬೇಕಾದ್ರೂ ಹೊಡೀತಾರೆ ಮಾರಾಯ್ರೆ. ಅಡಿ ನೋಡುವ" ಅಂದರು. ಎಪ್ಪತ್ತು ದಾಟಿದ ಮನುಷ್ಯ ಟಾರ್ಚು ಹಿಡಿದು ಕಾರಿನ ಕೆಳಗೆ ತೂರಿಕೊಂಡರು.

ಅವರು ಅಲ್ಲಿ ಹುಡುಕುತ್ತಿದ್ದಿದ್ದು ಏನೆಂದರೆ, ಈ ಕಾರು ಹುಟ್ಟುವಾಗಲೇ ಕನ್ವರ್ಟಿಬಲ್ ಆಗಿತ್ತೋ ಅಥವಾ ಯಾರೋ ಸೆಡಾನಿನ ತಲೆ ಕತ್ತರಿಸಿದ್ದೋ ಎನ್ನುವುದನ್ನು. ನಮ್ಮ ದೇಶದಲ್ಲಿ ಇದು ಸಾಮಾನ್ಯ ಕಸುಬು. ಸಿನಿಮಾ ಶೂಟಿಂಗಿಗೆ, ಮದುವೆ ಮೆರವಣಿಗೆಗೆ ತೆರೆದ ಕಾರು ಬೇಕು. ಸೆಡಾನು ಅಗ್ಗಕ್ಕೆ ಸಿಗುತ್ತದೆ. ಗ್ಯಾಸ್ ಕಟರ್ ಹಿಡಿದವನಿಗೆ ಎರಡು ದಿನದ ಕೆಲಸ. ನೋಡುವವರಿಗೆ ವ್ಯತ್ಯಾಸ ತಿಳಿಯದು. ಆದರೆ ಕಾರಿನ ಛಾವಣಿ ಬರೀ ಮಳೆಗೆ ಹಿಡಿದ ಕೊಡೆಯಲ್ಲ. ಇಡೀ ಬಾಡಿ ತಿರುಚದಂತೆ ಹಿಡಿದಿಡುವ ಬಿಗಿತ ಅದರಲ್ಲಿದೆ. ಅದನ್ನು ತೆಗೆದರೆ ಹಳ್ಳ ಬಿದ್ದಲ್ಲೆಲ್ಲ ಗಾಡಿ ಬಳುಕುತ್ತದೆ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಮುಂದಿನ ಗಾಜು ಬಿರುಕು ಬಿಡುತ್ತದೆ. ಅದಕ್ಕೇ ಕಂಪನಿಯವರು ಕನ್ವರ್ಟಿಬಲ್‌ಗೆಂದು ಬೇರೆಯದೇ ಚಾಸಿಸ್ ಕೊಡುತ್ತಿದ್ದರು. ಎರಡು ಉದ್ದದ ಕಬ್ಬಿಣದ ಹಳಿಗಳ ನಡುವೆ ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಇನ್ನೆರಡು ಗಟ್ಟಿ ತೊಲೆಗಳು. ಸೆಡಾನಿನಲ್ಲಿ ಇದು ಇರುವುದಿಲ್ಲ. ಆಮೇಲೆ ಬೆಸುಗೆ ಹಾಕಿ ಸೇರಿಸಿದ್ದರೆ, ಬೆಸುಗೆಯ ಗೆರೆಯೇ ಹೇಳಿಬಿಡುತ್ತದೆ. ಮೂಲದ್ದಾದರೆ ರಿವೆಟ್ಟುಗಳ ಸಾಲು ಇರುತ್ತದೆ.

ಇನ್ನೊಂದು ಗುರುತೂ ಉಂಟು. ಅಮೆರಿಕದ ಜನರಲ್ ಮೋಟಾರ್ಸ್ ಗಾಡಿಗಳ ಬಾಡಿ ಫಲಕದ ಸ್ಟೈಲ್ ನಂಬರಿನಲ್ಲಿ ಕೊನೆಯ ಎರಡಂಕಿ 67 ಇದ್ದರೆ ಅದು ಕನ್ವರ್ಟಿಬಲ್. 1959ರ ಇಂಪಾಲಾ ಕನ್ವರ್ಟಿಬಲ್‌ನ ಸಂಖ್ಯೆ 1867. ಹಳೆಯ ಕಾರು ಕೊಳ್ಳುವವರು ಈ ಫಲಕ ನೋಡದೆ ಮುಂಗಡ ಕೊಡಬಾರದು. ಆದರೆ ಫಲಕವನ್ನು ಎರಡು ರಿವೆಟ್ಟು ಕಿತ್ತು ಬೇರೆ ಗಾಡಿಗೆ ಹೊಡೆಯಬಹುದು. ತೊಲೆಗಳನ್ನು ಹಾಗೆ ಕಿತ್ತು ಕೂಡಿಸುವುದು ಅಷ್ಟು ಸುಲಭವಲ್ಲ.

ಹತ್ತು ನಿಮಿಷ ಕಳೆದು ಮೇಸ್ತ್ರಿ ಅಣ್ಣ ಹೊರಗೆ ಬಂದರು. ಅಂಗಿಗೆ ಗ್ರೀಸು. "ಹುಟ್ಟಿದ್ದೇ ಕನ್ವರ್ಟಿಬಲ್. ರಿವೆಟ್ಟು ಉಂಟು" ಅಂದರು. ಮಾರುವವರ ಮುಖ ಅರಳಿತು. ನಾನು ಗೆಳೆಯನಿಗೆ ಮೆಸೇಜು ಹಾಕಿದೆ. ಅಷ್ಟರಲ್ಲಿ ಅಣ್ಣ ಜೇಬಿನಿಂದ ಒಂದು ಸಣ್ಣ ಆಯಸ್ಕಾಂತ ತೆಗೆದು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗಕ್ಕೆ, ಹಿಂದಿನ ಚಕ್ರದ ಮೇಲಿನ ಮಡ್‌ಗಾರ್ಡಿಗೆ ಒತ್ತುತ್ತ ಹೋದರು. ಹೆಚ್ಚಿನ ಕಡೆ ಅಂಟಿಕೊಂಡಿತು. ಎಡಗಡೆ ಹಿಂದಿನ ಮೂಲೆಯಲ್ಲಿ ಜಾರಿ ಬಿತ್ತು. ಅಲ್ಲಿ ತಗಡಿಲ್ಲ, ಪುಟ್ಟಿ ಮಾತ್ರ. ಅದನ್ನು ಅವರು ದೊಡ್ಡದು ಮಾಡಲಿಲ್ಲ. ಸಮುದ್ರದ ಊರಿನ ಕಾರಿಗೆ ಒಂದು ಮೂಲೆಯಲ್ಲಿ ಪುಟ್ಟಿ ಎಂದರೆ ಅವರ ಪ್ರಕಾರ ಆರೋಗ್ಯ ಚೆನ್ನಾಗಿದೆ ಅಂತಲೇ ಅರ್ಥ.

ಆಮೇಲೆ ಸ್ಟಾರ್ಟ್ ಮಾಡಲು ಹೇಳಿದರು. ಮಾರುವವರು ಕೂತು ಕೀಲಿ ತಿರುಗಿಸಿ ಸ್ಟಾರ್ಟರ್ ಒತ್ತಿದರು. ಎರಡನೇ ಸಲಕ್ಕೆ ಹಿಡಿಯಿತು. ಒಳ್ಳೆಯ, ದಪ್ಪನೆಯ, ಅವಸರವಿಲ್ಲದ ಸದ್ದು. ನಾನು ಅದನ್ನು ಕೇಳುತ್ತಿದ್ದೆ. ಅಣ್ಣ ಡ್ಯಾಶ್‌ಬೋರ್ಡಿನ ಆಯಿಲ್ ಮೀಟರನ್ನು ನೋಡುತ್ತಿದ್ದರು. ಮುಳ್ಳು ಎಡದಿಂದ ಎದ್ದು ಬಲತುದಿಗೆ ಹೋಗಿ ಬಡಿದು ಅಲ್ಲೇ ನಿಂತಿತು. 30 ಪೌಂಡಿನ ಗೆರೆ ದಾಟಿ.

"ಇದು 216 ಅಲ್ಲ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ವ್ಯವಹಾರ ನಿಂತಿದ್ದು ಇಲ್ಲೇ. 1948ರ ಶೆವ್ರೊಲೆಗೆ ಇದ್ದದ್ದು 216.5 ಘನ ಇಂಚಿನ, ಆರು ಸಿಲಿಂಡರಿನ, 90 ಅಶ್ವಶಕ್ತಿಯ ಎಂಜಿನ್. 'ಸ್ಟೋವ್‌ಬೋಲ್ಟ್' ಅಂತ ಅಡ್ಡಹೆಸರು. ಒಲೆಗೆ ಹಾಕುವಂಥ ಬೋಲ್ಟುಗಳು ಅದರಲ್ಲಿದ್ದವಂತೆ. ಆ ಎಂಜಿನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳಿಗೆ ಎಣ್ಣೆಯನ್ನು ಒತ್ತಡದಿಂದ ಕೊಳವೆಯಲ್ಲಿ ತುಂಬುವುದಿಲ್ಲ. ರಾಡಿನ ತುದಿಗೆ ಒಂದು ಪುಟ್ಟ ಸೌಟು ಇರುತ್ತದೆ. ಅದು ಪ್ರತಿ ಸುತ್ತಿಗೂ ಕೆಳಗಿನ ತೊಟ್ಟಿಯಲ್ಲಿ ಅದ್ದಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ಎಂಜಿನಿಗೆ ಎಣ್ಣೆಯ ಒತ್ತಡ ಕಡಿಮೆ, ಮೀಟರೂ 30ಕ್ಕೇ ಮುಗಿಯುತ್ತದೆ. 1950ರ ದಶಕದ ನಡುವಿಗೆ ಬಂದ 235 ಘನ ಇಂಚಿನ ಎಂಜಿನಿನಲ್ಲಿ ಒತ್ತಡದಲ್ಲೇ ಎಲ್ಲ ಕಡೆ ಎಣ್ಣೆ ಹೋಗುತ್ತದೆ. ಅದನ್ನು ಹಳೆಯ ಕಾರಿಗೆ ಕೂರಿಸಿ ಹಳೆಯ ಮೀಟರನ್ನೇ ಬಿಟ್ಟರೆ ಮುಳ್ಳು ಹೀಗೆ ತುದಿಗೆ ಹೋಗಿ ಬಡಿಯುತ್ತದೆ.

ಬಾನೆಟ್ ಎತ್ತಿಸಿದರು. ಖಾತ್ರಿಯಾಯಿತು. 216ರಲ್ಲಿ ಎಂಜಿನಿನ ಪಕ್ಕದ ತಗಡಿನ ಮುಚ್ಚಳ ಎತ್ತರವಾಗಿದ್ದು ಸ್ಪಾರ್ಕ್ ಪ್ಲಗ್ಗುಗಳನ್ನೂ ಸುತ್ತುವರಿದಿರುತ್ತದೆ. ಇಲ್ಲಿ ಅದು ಗಿಡ್ಡ, ಪ್ಲಗ್ಗುಗಳ ಕೆಳಗೇ ಮುಗಿದಿತ್ತು. ಮೇಲಿನ ವಾಲ್ವ್ ಕವರನ್ನು ಹಳೆಯದರಲ್ಲಿ ನಡುವೆ ಎರಡು ನಟ್ಟು ಹಿಡಿದಿರುತ್ತವೆ. ಇಲ್ಲಿ ಅಂಚಿನಲ್ಲಿ ನಾಲ್ಕು ಸ್ಕ್ರೂ.

ಹಾಗೆ ನೋಡಿದರೆ ಇದೇನೂ ಮೋಸವಲ್ಲ. 235 ಒಳ್ಳೆಯ ಎಂಜಿನ್, ಇನ್ನೂ ಗಟ್ಟಿ. ಅಮೆರಿಕದಲ್ಲೂ ಎಷ್ಟೋ ಜನ ಇದೇ ಬದಲಾವಣೆ ಮಾಡಿಕೊಂಡಿದ್ದಾರೆ. ನಮ್ಮಲ್ಲಂತೂ 1973ರ ನಂತರ ಪೆಟ್ರೋಲಿನ ಬೆಲೆ ಏರಿದಾಗ ದೊಡ್ಡ ಅಮೆರಿಕನ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಓಡಿಸಿದವರೇ ಹೆಚ್ಚು. ಆ ಲೆಕ್ಕದಲ್ಲಿ ಈ ಕಾರಿಗೆ ಶೆವ್ರೊಲೆಯ ಹೃದಯವೇ ಸಿಕ್ಕಿದ್ದು ಪುಣ್ಯ. ತೊಂದರೆ ಇದ್ದದ್ದು ಜಾಹೀರಾತಿನ 'ಎಲ್ಲವೂ ಒರಿಜಿನಲ್' ಎಂಬ ಮಾತಿನಲ್ಲಿ, ಮತ್ತು ಆರ್‌ಸಿ ಪುಸ್ತಕದಲ್ಲಿ. ಪುಸ್ತಕದಲ್ಲಿ ಬರೆದ ಎಂಜಿನ್ ನಂಬರು ಒಂದು, ಎಂಜಿನಿನ ಮೈಮೇಲೆ ಕೊರೆದ ನಂಬರು ಇನ್ನೊಂದು. ಮಾರುವವರು ಅದನ್ನು ಹತ್ತು ವರ್ಷದ ಹಿಂದೆ ಹಾಗೇ ಕೊಂಡಿದ್ದರಂತೆ. ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಯಾರೋ ಯಾವಾಗಲೋ ಕೋಡ್ ಬದಲಾಯಿಸಿದ್ದಾರೆ, ಕಾಮೆಂಟ್ ಬರೆದಿಲ್ಲ, ಪ್ರೊಡಕ್ಷನ್ನಿನಲ್ಲಿ ಓಡುತ್ತಲೇ ಇದೆ.

ಈ ನಂಬರಿನ ವ್ಯತ್ಯಾಸ ಈಗ ಏಕೆ ದೊಡ್ಡದು ಅಂದರೆ, 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ವಾಹನ, ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಅಂಥದ್ದಕ್ಕೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಗುರುತಿನ ಹೊಸ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷ ಸಿಂಧು, ನವೀಕರಣಕ್ಕೆ 5,000. ಅರ್ಜಿ ಪರಿವಾಹನ್ ಪೋರ್ಟಲ್ಲಿನಲ್ಲಿ, ಜೊತೆಗೆ ವಿಮೆ, ಹಳೆಯ ಆರ್‌ಸಿ. ಮೊದಲೇ ನಂಬರಿರುವ ಗಾಡಿ ಬೇಕಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇದೊಂದು ಒಳ್ಳೆಯ ಅನುಕೂಲ. ಮುಂಬಯಿಯ ಹಳೆಯ 'ಬಿಎಂವೈ' ಫಲಕವನ್ನು ಕಿತ್ತು ಹೊಸದು ಹಾಕಲು ಯಾರಿಗೆ ಮನಸ್ಸು ಬಂದೀತು?

ಆದರೆ ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ ಇಷ್ಟಕ್ಕೆ ರಸ್ತೆಗಿಳಿಯಬಹುದು. ನನ್ನ ಗೆಳೆಯನ ಲೆಕ್ಕಾಚಾರ ಬೇರೆ ಇತ್ತು. ವಾರಾಂತ್ಯದಲ್ಲಿ ಪ್ರೀ-ವೆಡ್ಡಿಂಗ್ ಶೂಟಿಗೆ ಬಾಡಿಗೆ ಕೊಟ್ಟರೆ ಬಡ್ಡಿಯಾದರೂ ಹುಟ್ಟುತ್ತದೆ ಎಂದು ಎಕ್ಸೆಲ್ ಶೀಟು ಮಾಡಿಟ್ಟಿದ್ದ. ಆ ಶೀಟು ಅಲ್ಲಿಗೇ ಮುಗಿಯಿತು. ಸರಕಾರದ ನಿಯಮದ ಉದ್ದೇಶ ಒಳ್ಳೆಯದೇ. ಗುಜರಿ ನೀತಿಯ ಕೈಯಿಂದ ಈ ಗಾಡಿಗಳನ್ನು ತಪ್ಪಿಸಿದೆ. ಆದರೆ 'ಮೂಲ ರೂಪ' ಎಂಬ ಮಾತನ್ನು ಒಬ್ಬೊಬ್ಬ ಅಧಿಕಾರಿ ಒಂದೊಂದು ಬಗೆಯಲ್ಲಿ ಓದಬಹುದು. ಎಪ್ಪತ್ತೈದು ವರ್ಷದ ಗಾಡಿಯಲ್ಲಿ ತಗಡು ಬದಲಾಗದೆ, ಪಿಸ್ಟನ್ ಬದಲಾಗದೆ ಉಳಿದದ್ದು ಎಲ್ಲಿದೆ? ರಿಸ್ಟೋರ್ ಅನ್ನುವುದೇ ಒಂದು ಬಗೆಯ ಬದಲಾವಣೆ ಅಲ್ಲವೇ? ನನ್ನ ಅಭಿಪ್ರಾಯದಲ್ಲಿ ಅದೇ ಕಂಪನಿಯ, ಅದೇ ವಂಶದ ಎಂಜಿನನ್ನು ಗಣನೀಯ ಬದಲಾವಣೆ ಎಂದು ಎಣಿಸಬಾರದು. ಆದರೆ ಕೌಂಟರಿನ ಆಚೆ ಕೂತವರು ನನ್ನ ಅಭಿಪ್ರಾಯ ಕೇಳುವುದಿಲ್ಲ.

ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ನಿರ್ಬಂಧವೂ ಇದೆ. 1950ರ ಜನವರಿ 1ಕ್ಕಿಂತ ಮೊದಲು ತಯಾರಾದ ಕಾರುಗಳನ್ನೂ ಅವುಗಳ ಬಿಡಿಭಾಗಗಳನ್ನೂ ದೇಶದಿಂದ ಹೊರಗೆ ಕಳಿಸಲು ಸರಕಾರದ ಅಡ್ಡಿ ಇದೆ. ರಾಜರ ಕಾಲ ಮುಗಿದ ಮೇಲೆ ಅರಮನೆಗಳ ಗ್ಯಾರೇಜುಗಳು ಚಿಲ್ಲರೆ ದುಡ್ಡಿಗೆ ಖಾಲಿಯಾಗಿ, ಒಳ್ಳೊಳ್ಳೆಯ ಕಾರುಗಳು ವಿದೇಶಕ್ಕೆ ಹೋದವು. ಆಮೇಲೆ ಎಚ್ಚೆತ್ತು ಹಾಕಿದ ಬೇಲಿ ಇದು. ನಾಳೆ ಅಮೆರಿಕದ ಕೆಲಸ ಸಿಕ್ಕಿ ಹೊರಟೆವು ಅಂದುಕೊಂಡರೆ 1948ರ ಶೆವ್ರೊಲೆ ಜೊತೆಗೆ ಬರುವುದಿಲ್ಲ.

ಚಹಾ ಎರಡನೇ ಸುತ್ತು ಬಂತು. ಗ್ಯಾರೇಜಿನ ಬಾಗಿಲಲ್ಲಿ ಕೂತು ಮೇಸ್ತ್ರಿ ಅಣ್ಣ ಕುರ್ಲಾದ ಕಥೆ ತೆಗೆದರು. ಅದನ್ನು ಕೇಳುತ್ತ ನನಗೆ ಕಾರಿಗಿಂತ ಅದೇ ದೊಡ್ಡದೆನಿಸಿತು. ಏಕೆಂದರೆ ಕುರ್ಲಾದ ಕಥೆಯ ಬೇರು ನಮ್ಮೂರಿನದು.

ಮೋಟಾರು ಕಾರ್ಖಾನೆ ನಮ್ಮ ದೇಶದಲ್ಲೇ ಆಗಬೇಕೆಂದು ಪಟ್ಟುಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು ಮೈಸೂರಿನ ದಿವಾನರಾಗಿದ್ದುದು 1912ರಿಂದ 1918ರವರೆಗೆ. ಆದರೆ ಈ ಕೆಲಸಕ್ಕೆ ಅವರು ಕೈಹಾಕಿದ್ದು ಎಪ್ಪತ್ತು ದಾಟಿದ ಮೇಲೆ. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಮರುವರ್ಷ ಬೊಂಬಾಯಿಯಲ್ಲಿ ಒಂದು ಕಾರ್ಖಾನೆ ಹಾಕುವ ಯೋಜನೆ ಬರೆದರು. ಜೊತೆಗೆ ನಿಂತವರು ಉದ್ಯಮಿ ವಾಲಚಂದ್ ಹೀರಾಚಂದ್. 1937ರಲ್ಲಿ ಬಂದ ಬಿ. ಜಿ. ಖೇರ್ ಅವರ ಬೊಂಬಾಯಿ ಸರಕಾರ ಈ ಯೋಜನೆಯ ಕಡೆ ಒಲವು ತೋರಿತು. 1939ರಲ್ಲಿ ಯುದ್ಧ ಬಂತು, ಸರಕಾರ ರಾಜೀನಾಮೆ ಕೊಟ್ಟಿತು. ಆಮೇಲೆ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲೇ ಮಾಡೋಣವೆಂಬ ಪ್ರಯತ್ನ ನಡೆಯಿತು. ವಾಲಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದವನ್ನೂ ಮಾಡಿಕೊಂಡರು. ಭಾರತ ಸರಕಾರ ಒಪ್ಪಿಗೆ ಕೊಡಲಿಲ್ಲ. ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ಈ ಪ್ರಸಂಗಕ್ಕೆ ಜಾಗ ಕೊಟ್ಟಿದ್ದಾರೆ.

ಆಮೇಲೆ ನಡೆದದ್ದು ತಮಾಷೆಯೋ ವಿಧಿಯೋ ಗೊತ್ತಿಲ್ಲ. ಬೆಂಗಳೂರಿಗೆ ಬರಬೇಕಿದ್ದ ಕಾರು ಬರಲಿಲ್ಲ. ಅದೇ ವಾಲಚಂದ್ ಮೈಸೂರು ಸರಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಅಲ್ಲಿ ವಿಮಾನದ ಕಾರ್ಖಾನೆ ಹಾಕಿದರು. ಅದೇ ಇವತ್ತಿನ ಎಚ್‌ಎಎಲ್. ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಬೊಂಬಾಯಿಯ ಪಾಲಾಯಿತು. 1947ರಲ್ಲಿ ಕುರ್ಲಾದಿಂದ ಕ್ರೈಸ್ಲರ್ ಬಳಗದ ಗಾಡಿಗಳು ಹೊರಬರತೊಡಗಿದವು: ಡಾಜ್, ಡಿಸೋಟೊ, ಪ್ಲಿಮತ್. ಮಾಟುಂಗಾದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದಲ್ಲಿ ನಾಟಕಕ್ಕೋ ಪುಸ್ತಕ ಬಿಡುಗಡೆಗೋ ಹೋಗುವ ನಮ್ಮವರು ಎಷ್ಟೋ ಮಂದಿ. ಅಲ್ಲಿಂದ ನಾಲ್ಕಾರು ಕಿಲೋಮೀಟರಿನಲ್ಲೇ ಇರುವ ಕುರ್ಲಾಗೂ ಅದೇ ಹೆಸರಿಗೂ ಇಂಥ ನಂಟಿದೆ ಎಂದು ಅಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

ಶಿವ್ಡಿಯ ಬಾಗಿಲು ಮುಚ್ಚಿದ್ದು ಸ್ವಾತಂತ್ರ್ಯದ ನಂತರ. 1953ರಲ್ಲಿ ಸುಂಕ ಆಯೋಗ ಖಂಡಿತವಾಗಿ ಹೇಳಿತು: ಪೆಟ್ಟಿಗೆಯಲ್ಲಿ ತಂದು ಜೋಡಿಸುವುದು ಸಾಕು, ಇಲ್ಲೇ ತಯಾರಿಸುವ ಯೋಜನೆ ಇದ್ದವರು ಇರಿ, ಇಲ್ಲದವರು ಹೊರಡಿ. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ 1954ರ ಹೊತ್ತಿಗೆ ಹೊರಟವು. ಕುರ್ಲಾದ ಪ್ರೀಮಿಯರ್ ಉಳಿಯಿತು, ಇಟಲಿಯ ಫಿಯೆಟ್ ಹಿಡಿಯಿತು. ಅಲ್ಲಿಯವರೆಗೆ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ದೊಡ್ಡ ಡಾಜ್, ಪ್ಲಿಮತ್, ಶೆವ್ರೊಲೆಗಳೇ ಬಹಳ ಇದ್ದವು. ಒಂದೊಂದರಲ್ಲಿ ಒಂದು ಸಂಸಾರವೇ ಹಿಡಿಸುತ್ತಿತ್ತು. ಆಮೇಲೆ ಫಿಯೆಟ್, ಅದರ ಮುಂದಿನ ಅವತಾರ ಪದ್ಮಿನಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ವಯೋಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆಯಿಂದ ಇಳಿಯಿತು. ಆ ವಾರ ಮೇಸ್ತ್ರಿ ಅಣ್ಣ ಟಿವಿಯ ಮುಂದಿನಿಂದ ಏಳಲಿಲ್ಲ ಎಂದು ಅವರ ಮನೆಯವರು ಹೇಳುತ್ತಾರೆ.

ಗಿರಣಿಗಳ ಕಥೆ ಎಲ್ಲರಿಗೂ ಗೊತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಷ್ಕರ ಶುರುವಾಯಿತು, ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು, ಬಹಳಷ್ಟು ಜನ ಒಳಗೆ ಹೋಗಲೇ ಇಲ್ಲ. ಆ ಜಾಗಗಳಲ್ಲಿ ಈಗ ನನ್ನಂಥವರ ಆಫೀಸುಗಳಿವೆ. ಕಾರಿನ ಕೆಲಸಗಾರರ ಕಥೆಯನ್ನು ಅಷ್ಟಾಗಿ ಯಾರೂ ಬರೆದಿಲ್ಲ. ಟಾಪು ಹೊಲಿಯುವವರು, ತಗಡು ಬಡಿಯುವವರು, ಕ್ರೋಮ್ ಹಾಕುವವರು ಚಿಕ್ಕ ಚಿಕ್ಕ ಶೆಡ್ಡುಗಳಲ್ಲಿ ಚೆದುರಿಹೋದರು. ಬೆಂಗಳೂರಿನಲ್ಲಿ ನಾವು ಟಿಂಕರ್ ಎನ್ನುವವನನ್ನು ಇಲ್ಲಿ ಡೆಂಟರ್ ಎನ್ನುತ್ತಾರೆ. ಈ ಶೆವ್ರೊಲೆಯ ಮುಂದಿನ ಮಡ್‌ಗಾರ್ಡಿನ ಬಾಗು ಅಚ್ಚಿನಿಂದ ಬಂದದ್ದಲ್ಲ, ಮರಳುಚೀಲದ ಮೇಲೆ ಸುತ್ತಿಗೆಯಲ್ಲಿ ಬಡಿದು ತೆಗೆದದ್ದು. ಒಳಗಿನಿಂದ ಕೈ ಆಡಿಸಿದರೆ ಸುತ್ತಿಗೆಯ ಗುರುತು ಸಿಗುತ್ತದೆ. ಅದನ್ನು ಬಡಿದವರು ಈಗ ಇಲ್ಲ ಎಂದು ಮಾರುವವರು ಹೇಳಿದರು. ಅವರ ಮಗ ಆ್ಯಪ್ ಟ್ಯಾಕ್ಸಿ ಓಡಿಸುತ್ತಾನಂತೆ.

ಜಾಹೀರಾತಿನಲ್ಲಿ 'ಸಂಪೂರ್ಣ ರಿಸ್ಟೋರ್' ಎಂಬ ಎರಡು ಪದದ ಹಿಂದೆ ಇಷ್ಟಿದೆ. ಬೆಲೆ ಕಟ್ಟುವಾಗ ಮಾತ್ರ ನಾವು ಕ್ರೋಮು, ಬಣ್ಣ, ನಂಬರು ನೋಡುತ್ತೇವೆ. ಅಮೆರಿಕದಿಂದ ಶೆವ್ರೊಲೆಯ ಹೊಸ ರಬ್ಬರು, ಗ್ಲಾಸು, ಚಿಹ್ನೆ ಎಲ್ಲವನ್ನೂ ಈಗ ಮನೆಗೇ ತರಿಸಬಹುದು. ಸುಂಕ ಕೊಟ್ಟರೆ ಸಾಕು. ಮಡ್‌ಗಾರ್ಡು ಬಡಿಯುವ ಕೈಯನ್ನು ತರಿಸಲಾಗುವುದಿಲ್ಲ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ನೀವು ನೋಡಿರಬಹುದು. ಅಲ್ಲಿ ಸಾಲಾಗಿ ನಿಂತ ಗಾಡಿಗಳ ಮುಂದೆ ಫಲಕದಲ್ಲಿ ಕಂಪನಿ, ಇಸವಿ ಇರುತ್ತದೆ. ಯಾರು ಸರಿಮಾಡಿದರು ಎಂಬುದನ್ನೂ ಒಂದು ಸಾಲು ಬರೆಯುವ ಪದ್ಧತಿ ನಮ್ಮಲ್ಲಿ ಎಲ್ಲಾದರೂ ಶುರುವಾಗಬೇಕು.

ಸಂಜೆ ಗೆಳೆಯನಿಗೆ ವಿಡಿಯೊ ಕಾಲ್ ಮಾಡಿದೆವು. ಮೇಸ್ತ್ರಿ ಅಣ್ಣ ಅವನಿಗೆ ನೇರವಾಗಿ ಹೇಳಿದರು: "ನೋಡಿ, ಗಾಡಿ ಒಳ್ಳೇದುಂಟು. ಎಂಜಿನ್ ಬೇರೆ. ಅದನ್ನು ಕಾಗದದಲ್ಲಿ ಬರ್ಸಿಕೊಳ್ಳಿ. ಬಾಡಿಗೆಗೆ ಬಿಡ್ಲಿಕ್ಕೆ ತಗೊಳ್ಳೋದಾದ್ರೆ ಬೇಡ, ನೀವೇ ಕೂತು ಹೋಗ್ಲಿಕ್ಕೆ ಆದ್ರೆ ತಗೊಳ್ಳಿ." ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಚೌಕಾಸಿ ಶುರುವಾಯಿತು. ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ನಡೆದ ಆ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಮಾರುವವರು ಕೊನೆಗೆ ಒಪ್ಪಿದ್ದು ಎರಡು ವಿಷಯಕ್ಕೆ: ಆರ್‌ಟಿಒದಲ್ಲಿ ಎಂಜಿನ್ ನಂಬರಿನ ಬದಲಾವಣೆಯನ್ನು ತಾವೇ ದಾಖಲಿಸಿ ಆಮೇಲೆ ಕರ್ನಾಟಕಕ್ಕೆ ಎನ್‌ಒಸಿ ತೆಗೆಸಿಕೊಡುವುದು, ಅದು ಆಗುವತನಕ ಮುಂಗಡ ಬಿಟ್ಟು ಬೇರೆ ಹಣ ಕೇಳದಿರುವುದು. ಬೆಲೆಯೂ ಸ್ವಲ್ಪ ಇಳಿಯಿತು. ವಿಂಟೇಜ್ ನೋಂದಣಿ ಸಿಗುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ಗೆಳೆಯ ಬೆಂಗಳೂರಿನಲ್ಲಿ ಎದುರಿಸಬೇಕು. ಸಿಗದಿದ್ದರೆ ಮಾಮೂಲು ನೋಂದಣಿಯನ್ನೇ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗಬೇಕು.

ಕಾಗದಪತ್ರ ಇನ್ನೂ ನಡೆಯುತ್ತಿದೆ. ಮಳೆ ನಿಂತ ಮೇಲೆ ಕಾರು ಮುಚ್ಚಿದ ಲಾರಿಯಲ್ಲಿ ಬೆಳಗಾವಿ, ಹುಬ್ಬಳ್ಳಿ ದಾರಿಯಾಗಿ ಹೋಗುತ್ತದೆ. ಟಾಪು ಏರಿಸುವ ನಿರ್ವಾತದ ಸಿಲಿಂಡರುಗಳು ಕೆಲಸ ಮಾಡುವುದಿಲ್ಲ, ಸದ್ಯಕ್ಕೆ ಇಬ್ಬರು ನಿಂತು ಕೈಯಲ್ಲೇ ಎತ್ತಬೇಕು. ಮೇಸ್ತ್ರಿ ಅಣ್ಣ ಈ ನಡುವೆ ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಅಂಗಡಿಗಳಲ್ಲಿ ಎರಡು ಸಲ ಸುತ್ತಿ ಬಂದಿದ್ದಾರೆ, ಎಲ್ಲಾದರೂ ಹಳೆಯ 216 ಎಂಜಿನ್ ಬಿದ್ದಿದೆಯೇ ಎಂದು. ಈ ಕಾರಿನ ವಿದ್ಯುತ್ತೆಲ್ಲ ಆರು ವೋಲ್ಟಿನದು; ಶೆವ್ರೊಲೆ ಹನ್ನೆರಡಕ್ಕೆ ಬಂದದ್ದು 1955ರಲ್ಲಿ. ಬೆಂಗಳೂರಿನಲ್ಲಿ ಕಾರಿಗೆ ಸಾಲುವಂಥ ಆರು ವೋಲ್ಟಿನ ಬ್ಯಾಟರಿ ಯಾರು ಮಾಡಿಕೊಡುತ್ತಾರೆ ಎಂದು ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಒಂದು ಸಾಲು ಬರೆಯಿರಿ, ಗೆಳೆಯನಿಗೆ ತಲುಪಿಸುತ್ತೇನೆ.